ಗಾಜಿನ ಪೆಟ್ಟಿಗೆಯ ಕಳೆ

ಕಮಲಾವತಿ ಕೊನೆಯ ಕೊಡಪಾನವನ್ನು ಮಗುಚಿದಳು. ನೀರು ಬಚ್ಚಲ ಕಲ್ಲಿನ ಮೇಲೆ ಹರಡಿ, ಗೋಡೆಯ ತೂತಿನಿಂದ ಹೊರಗೆ ಬಾಳೆಬುಡಕ್ಕೆ ಇಳಿಯಿತು. ಸ್ನಾನದ ಹಂಡೆ, ಅಡುಗೆಮನೆಯ ಪಾತ್ರೆಗಳು, ಕುಡಿಯುವ ನೀರಿನ ಹೂಜಿ ಎಲ್ಲವೂ ಆಗಲೇ ಬರಿದಾಗಿದ್ದವು. ಸಾವಾದ ಮನೆಯಲ್ಲಿ ತುಂಬಿಸಿಟ್ಟ ನೀರು ಉಳಿಯಬಾರದು, ಹೆಣ ಎತ್ತುವ ಮೊದಲೇ ಅಷ್ಟೂ ಹೊರಗೆ ಹೋಗಬೇಕು ಎನ್ನುವುದು ಆ ಕುಟುಂಬದ ಕಟ್ಟು. ಕಟ್ಟಿನ ವಿಷಯದಲ್ಲಿ ಕಮಲಾವತಿ ಒಂದು ಹನಿಯನ್ನೂ ಬಿಡುವವಳಲ್ಲ. ಬೆಕ್ಕಿಗೆಂದು ಹಿತ್ತಿಲಲ್ಲಿ ಇಟ್ಟಿದ್ದ ತೆಂಗಿನ ಗೆರಟೆಯ ನೀರನ್ನೂ ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡು, ಖಾಲಿ ಬಾಲ್ದಿ ಹಿಡಿದು ಚಾವಡಿಗೆ ಬಂದಳು.

ಚಾವಡಿಯ ನಡುವೆ ಅವಳ ಗಂಡನ ಅಣ್ಣ ದೇರಣ್ಣನನ್ನು ಮಲಗಿಸಿದ್ದರು. ತಲೆಯ ಹತ್ತಿರ ತೆಂಗಿನಕಾಯಿಯ ಎರಡು ಹೋಳಿನಲ್ಲಿ ದೀಪ ಉರಿಯುತ್ತಿತ್ತು. ದೀಪದ ಪಕ್ಕ ಅವನ ಹೆಂಡತಿ ದುಗ್ಗಮ್ಮ ಕಾಲು ಮಡಚಿ ಕೂತಿದ್ದಳು. ಬೆಳಗಿನ ಜಾವ ಗಂಡನ ಉಸಿರು ನಿಂತಾಗಿನಿಂದ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಅಳು ಬಾರದೆ ಅಲ್ಲ. ಅಳಲಿಕ್ಕೆ ಕೂತರೆ ಎದುರಿನ ಮೂಲೆಯ ಮೇಲಿಟ್ಟ ಕಣ್ಣು ತಪ್ಪೀತು ಎಂಬ ಹೆದರಿಕೆ.

ಆ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಬೆಂಚಿನ ಮೇಲೆ ಗಾಜಿನ ಪೆಟ್ಟಿಗೆ ಇತ್ತು. ಬಸ್ಸಿನ ಕಿಟಕಿಯ ಗಾಜುಗಳನ್ನು ಮರದ ಚೌಕಟ್ಟಿಗೆ ಕೂರಿಸಿ, ಸಂದುಗಳಿಗೆ ದೋಣಿಗೆ ಬಳಿಯುವ ಅಂಟು ಬಳಿದು ದೇರಣ್ಣ ತಾನೇ ಮಾಡಿದ್ದು. ಒಳಗೆ ಕಡಲ ನೀರು, ನಾಲ್ಕಾರು ಕಲ್ಲು, ಕಲ್ಲುಗಳ ನಡುವೆ ಬೆರಳುದ್ದದ ಒಂದು ಪಟ್ಟೆ ಮೀನು. ಬೆಂಚಿನ ಕೆಳಗೆ ಬಸ್ಸಿನ ಚಕ್ರದ ಹಳೆಯ ಟ್ಯೂಬು. ಗಾಳಿ ತುಂಬಿಸಿಟ್ಟ ಆ ಟ್ಯೂಬಿನಿಂದ ಸಪೂರದ ರಬ್ಬರ್ ನಳಿಗೆಯೊಂದು ಮೇಲೆ ಹೋಗಿ, ನೀರಿನೊಳಗೆ ಇಳಿದು, ಸಣ್ಣ ಸಣ್ಣ ಗುಳ್ಳೆಗಳನ್ನು ಬಿಡುತ್ತಿತ್ತು. ಕಡಲಿನಲ್ಲಿ ತೆರೆಗಳು ಮಾಡುವ ಕೆಲಸವನ್ನು ಪುತ್ತೂರಿನಲ್ಲಿ ಟ್ಯೂಬು ಮಾಡಬೇಕಿತ್ತು.

"ಅಕ್ಕ, ಇದನ್ನು ಎಂತ ಮಾಡುದು?" ಎಂದು ಕಮಲಾವತಿ ಕೇಳಿದಳು.

ದುಗ್ಗಮ್ಮ ಬಾಲ್ದಿಯನ್ನು ನೋಡಿದಳು. ಬಾಗಿಲಲ್ಲಿ ನಿಂತಿದ್ದ ದೇರಣ್ಣನ ತಮ್ಮ ಬೋಜಪ್ಪನೇ ಹೆಂಡತಿಗೆ ಉತ್ತರ ಕೊಟ್ಟ.

"ಕೇಳುದು ಎಂತದ್ದು? ಅದೂ ತುಂಬಿಸಿಟ್ಟ ನೀರೇ ಅಲ್ವಾ. ಅತ್ತಿಗೆಯೇ ಎಷ್ಟು ಸಲ ಹೇಳಿದ್ದಾರೆ, ಈ ಸವತಿಯನ್ನು ಒಮ್ಮೆ ಹೊರಗೆ ಹಾಕಿ ಅಂತ."

ಸುಳ್ಳಲ್ಲ, ಹೇಳಿದ್ದಳು. ಮದುವೆ ಮನೆಗಳಲ್ಲಿ ಹೇಳಿದ್ದಳು, ತೊಟ್ಟಿಲು ಶಾಸ್ತ್ರದಲ್ಲಿ ಹೇಳಿದ್ದಳು. ನನಗೊಬ್ಬಳು ಗಾಜಿನ ಸವತಿ ಇದ್ದಾಳೆ, ಅವಳಿಗೆ ಪುತ್ತೂರಿನ ನೀರು ಆಗುವುದಿಲ್ಲ, ಮಂಗಳೂರಿನಿಂದಲೇ ಬರಬೇಕು ಎಂದು ನೆಂಟರನ್ನು ನಗಿಸಿದ್ದಳು. ಆ ಮಾತು ಬೆಟ್ಟಂಪಾಡಿಯಿಂದ ಸುಳ್ಯದವರೆಗೆ ಕುಟುಂಬದವರ ಬಾಯಲ್ಲಿ ಸುತ್ತಿತ್ತು. ಈಗ ಅದೇ ಮಾತು ಬಾಲ್ದಿ ಹಿಡಿದುಕೊಂಡು ಎದುರು ನಿಂತಿತ್ತು. ಬೇಡ, ಅದು ಇರಲಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಗಂಡ ಸತ್ತ ದಿನ ಒಂದು ಮೀನಿನ ಚಿಂತೆ ಮಾಡುವವಳು ಎಂತಹ ಹೆಂಗಸು ಎಂದು ಜನ ಕೇಳುತ್ತಾರೆ. ಆದರೆ ಆ ನೀರು ಅಂಗಳಕ್ಕೆ ಹೋದರೆ ಗಂಡನನ್ನು ಒಂದೇ ದಿನದಲ್ಲಿ ಎರಡು ಸಲ ಕಳೆದುಕೊಂಡ ಹಾಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಮೊದಲು ಮೀಯಿಸಿ ಆಗಲಿ," ಎಂದಳು ಕೊನೆಗೆ. "ಆಮೇಲೆ ನೋಡುವ."

ಕಮಲಾವತಿ ಬಾಲ್ದಿಯನ್ನು ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟು ಬಾವಿಯ ಕಡೆ ಹೋದಳು.

*

ದೇರಣ್ಣ ಮಂಗಳೂರು, ಪುತ್ತೂರು, ಸುಳ್ಯ ಲೈನಿನ ಬಸ್ಸಿನ ಡ್ರೈವರ್. ಹುಟ್ಟಿದ್ದು ಬೆಟ್ಟಂಪಾಡಿಯ ಗದ್ದೆಬದಿಯಲ್ಲಿ. ಕಡಲನ್ನು ಮೊದಲು ಕಂಡದ್ದು ಮೀಸೆ ಬಂದ ಮೇಲೆ. ಉಳಿದ ಡ್ರೈವರುಗಳು ಮಂಗಳೂರಿನಿಂದ ಮನೆಗೆ ಸೀರೆಯನ್ನೋ ಒಣಮೀನನ್ನೋ ತಂದರೆ, ಅವನು ಐವತ್ತೆಂಟನೆಯ ಇಸವಿಯಲ್ಲಿ ಒಂದು ಸಂಜೆ ಚಿಮಿಣಿ ಎಣ್ಣೆಯ ಡಬ್ಬಿಯಲ್ಲಿ ಕಡಲ ನೀರು ತಂದ. ಉಪ್ಪು ಬೇಕಿದ್ದರೆ ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ದುಗ್ಗಮ್ಮ ಕೇಳಿದಳು. ಅವನು ನಕ್ಕ, ಕಾರಣ ಹೇಳಲಿಲ್ಲ. ಯಾವುದಕ್ಕೂ ಕಾರಣ ಹೇಳುವ ಅಭ್ಯಾಸ ಅವನಿಗಿರಲಿಲ್ಲ. ಬಸ್ಸಿನ ಹಾರ್ನು ಕೂಡ ಅಗತ್ಯಕ್ಕಿಂತ ಕಡಿಮೆ ಬಾರಿಸುವ ಮನುಷ್ಯ.

ಮೊದಲ ಮೀನುಗಳು ಸತ್ತವು. ನೀರು ನಾರಿ, ಚಾವಡಿಯಲ್ಲಿ ಊಟಕ್ಕೆ ಕೂರುವ ಹಾಗಿರಲಿಲ್ಲ. ಅವನು ಚೆಲ್ಲಿದ, ಮತ್ತೆ ತಂದ. ಅವನ ಬಸ್ಸಿನ ಕಂಡಕ್ಟರ್ ಸಾಹುಲ್ ಹಮೀದ್ ಉಳ್ಳಾಲದವನು, ಕಡಲ ಬದಿಯಲ್ಲೇ ಬೆಳೆದವನು. ನೀರಿಗೆ ಗಾಳಿ ಬೇಕು ಎಂದು ಹೇಳಿಕೊಟ್ಟದ್ದು ಅವನು. ಟ್ಯೂಬಿನ ಉಪಾಯ ಮಾತ್ರ ದೇರಣ್ಣನದ್ದೇ. ಬೆಳಿಗ್ಗೆ ಎದ್ದ ಕೂಡಲೇ ಅವನು ಪಂಪಿನಿಂದ ಟ್ಯೂಬಿಗೆ ಗಾಳಿ ಹೊಡೆಯುವನು, ಸಂಜೆ ಬಂದು ಮತ್ತೆ ಹೊಡೆಯುವನು. ಗಂಡನ ಬಸ್ಸು ಸುಳ್ಯದಲ್ಲಿ ತಂಗಿದ ದಿನಗಳಲ್ಲಿ ಆ ಪಂಪನ್ನು ದುಗ್ಗಮ್ಮ ಒತ್ತಬೇಕಿತ್ತು. ಸವತಿಯ ಮಾತು ಹುಟ್ಟಿದ್ದು ಆಗ, ಸೊಂಟ ಹಿಡಿದುಕೊಂಡಾಗ.

ಒಂದು ಬೇಸಿಗೆಯಲ್ಲಿ, ಉಳ್ಳಾಲದಿಂದ ಬಂದ ಹೊಸ ಕಲ್ಲಿನ ಮೇಲೆ ಏನೋ ಒಂದು ಕಂದುಬಣ್ಣದ್ದು ತಲೆ ಎತ್ತಿತು. ಸಪೂರದ ದಂಟು, ತುದಿಯಲ್ಲಿ ನೀರಿನ ಜೊತೆ ಆಡುವ ಎಳೆಗಳ ಒಂದು ಸುತ್ತು. ದೇರಣ್ಣ ಅದರ ಎದುರು ಕೂತವನು ಏಳಲಿಲ್ಲ. ಆ ದಿನ ಪುತ್ತೂರಿನಿಂದ ಬಸ್ಸು ತಡವಾಗಿ ಹೊರಟಿತು. ಹೂವು ಬಂತು, ಬಂದು ನೋಡು ಎಂದು ಅವನು ಕರೆದ. ದುಗ್ಗಮ್ಮ ಹಿಟ್ಟಿನ ಕೈಯಲ್ಲೇ ಬಂದು ನೋಡಿ, ಹೂವಾದರೆ ದೇವರಿಗೆ ಇಡಿ ಎಂದು ಹೇಳಿ ಒಳಗೆ ಹೋದಳು. ಅವನ ಮುಖ ಸ್ವಲ್ಪ ಸಣ್ಣದಾದದ್ದನ್ನು ಅವಳು ಕಂಡಿದ್ದಳು, ಯಾಕೆಂದು ಕೇಳಿರಲಿಲ್ಲ.

ಅವನು ಹೂವಿಗೆ ಸಿಗಡಿಯ ಚೂರು ತಿನ್ನಿಸಿದ. ಅದು ಮೈತುಂಬಿಕೊಂಡಿತು, ಪಕ್ಕದಲ್ಲಿ ಇನ್ನೊಂದು ಬಂತು, ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಲು ಕಾಣದ ಹಾಗಾಯಿತು. ಆಮೇಲೆ ಸಣ್ಣ ಮೀನುಗಳು ಒಂದೊಂದಾಗಿ ಆ ಎಳೆಗಳಿಗೆ ಸಿಕ್ಕಿ ಸತ್ತವು. ಕಲ್ಲಿನ ಜೊತೆ ಬಂದಿದ್ದ ಒಂದು ಏಡಿ ಮೂಲೆಯಿಂದ ಹೊರಗೆ ಬರುವುದನ್ನು ಬಿಟ್ಟಿತು. ಆಗ ದೇರಣ್ಣ ಸಾಹುಲ್ ಹಮೀದನನ್ನು ಕರೆದು ತೋರಿಸಿದ.

ಸಾಹುಲ್ ಬಗ್ಗಿ ನೋಡಿ, ಬೆರಳನ್ನು ಮೆಲ್ಲಗೆ ನೀರಿಗಿಳಿಸಿದ. ಬೆರಳು ಹತ್ತಿರ ಬಂದದ್ದೇ, ಹೂವು ಮುದುಡಿ ಕಲ್ಲಿನ ತೂತಿನೊಳಗೆ ಮಾಯವಾಯಿತು.

"ದೇರಣ್ಣ, ನೀವು ಹೇಳುವ ಹೂವು ಇದಲ್ಲ," ಎಂದ. "ಅದು ದಪ್ಪ, ಬಂಡೆಗೆ ಗಟ್ಟಿ ಅಂಟಿ ಕೂರುದು. ಬೆರಳಿಟ್ಟರೆ ಬೆರಳನ್ನು ಹಿಡಿಯುತ್ತದೆ. ಇದು ಬೆರಳು ಕಂಡರೆ ಓಡುದು. ಇದು ಕಳೆ."

ಕಳೆ ಎಂಬ ಮಾತು ಕೇಳಿದ್ದೇ ದೇರಣ್ಣ ಡ್ರೈವರಿಕೆ ಮರೆತು ಬೆಟ್ಟಂಪಾಡಿಯ ಗದ್ದೆಯವನಾದ. ಕಳೆಯನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಜೆಯ ದಿನ ತೋಳು ಮಡಚಿ ಕೂತು, ಕತ್ತಿಯ ತುದಿಯಿಂದ ಒಂದೊಂದನ್ನೂ ಕೆರೆದು ಕಿತ್ತ. ಕಲ್ಲುಗಳು ಬೋಳಾದವು, ಚೂರುಗಳು ನೀರಿನಲ್ಲಿ ತೇಲಾಡಿದವು, ಅವನು ತೃಪ್ತಿಯಿಂದ ಎದ್ದು ಕೈ ತೊಳೆದುಕೊಂಡ. ಸ್ವಲ್ಪ ದಿನ ಕಳೆದಾಗ ಆ ಒಂದೊಂದು ಚೂರೂ ಕೂತಲ್ಲಿ ಕೂತು ಹೊಸ ಗಿಡವಾಗಿತ್ತು. ಅವನು ಮತ್ತೆ ಕಿತ್ತ, ಅದು ಮತ್ತಷ್ಟಾಯಿತು. ಗದ್ದೆಯಲ್ಲಿ ಕಿತ್ತ ಕಳೆ ಬದುವಿನ ಮೇಲೆ ಬಿದ್ದು ಒಣಗುತ್ತದೆ, ನೀರಿನೊಳಗೆ ಕಿತ್ತದ್ದಕ್ಕೆ ಒಣಗಲು ಬದುವೇ ಇಲ್ಲ ಎಂದು ಹೊಳೆಯುವಷ್ಟರಲ್ಲಿ ಪೆಟ್ಟಿಗೆ ಪೂರ್ತಿ ಕಳೆಯದ್ದಾಗಿತ್ತು.

ಮದ್ದು ಸಿಕ್ಕಿದ್ದು ದುಗ್ಗಮ್ಮನಿಂದ, ಅದೂ ಅವಳಿಗೆ ಗೊತ್ತಿಲ್ಲದೆ. ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಾಗ ಗಾಳಿಯ ನಳಿಗೆ ನೀರಿನಿಂದ ಜಾರಿ ಹೊರಬಿತ್ತು. ಗೊಣಗುತ್ತಾ ಎದ್ದು ಸುಣ್ಣದ ಬೆರಳಿನಲ್ಲೇ ಅದನ್ನು ಒಳಗೆ ತುರುಕಿದಳು. ಮಾರನೆಯ ದಿನ ನೋಡಿದರೆ ನಳಿಗೆಯ ಬುಡದಲ್ಲಿದ್ದ ಒಂದು ಕಳೆ ಕರಗಿ ಬಿಳಿ ಲೋಳೆಯಾಗಿತ್ತು, ಪುನಃ ಮೊಳೆಯಲಿಲ್ಲ. ಅವಳು ಅದನ್ನು ದೂರು ಹೇಳುವ ಹಾಗೆ ಗಂಡನಿಗೆ ಹೇಳಿದಳು. ಅವನು ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ.

ಅಂದಿನಿಂದ ಎಲೆಪೆಟ್ಟಿಗೆಯ ಸುಣ್ಣದ ಡಬ್ಬಿಗೆ ಎರಡು ಕೆಲಸವಾಯಿತು. ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣ, ತೆಂಗಿನ ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು. ಕಳೆ ಪೂರ್ತಿ ಅರಳುವವರೆಗೆ ಅಲುಗಾಡದೆ ಕಾಯಬೇಕು, ನಡುವಿನ ಬಾಯಿಗೆ ತಾಗಿಸಬೇಕು. ತಿನ್ನಲು ಏನೋ ಬಂತೆಂದು ಅದು ನುಂಗಿ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಆಸೆ ಮಾಡಿ ಒಂದೇ ದಿನ ಎಲ್ಲಕ್ಕೂ ಹಾಕಿದರೆ ನೀರು ಬೆಳ್ಳಗಾಗುತ್ತದೆ. ಹಾಗೆ ಮಾಡಿ ಏಡಿಯನ್ನು ಕೊಂದ ಮೇಲೆ ದೇರಣ್ಣ ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮುಟ್ಟಲಿಲ್ಲ.

*

ಮೀಯಿಸಿ, ಬಿಳಿಯ ಬಟ್ಟೆ ಹೊದಿಸಿ ದೇರಣ್ಣನನ್ನು ಪುನಃ ಚಾವಡಿಗೆ ತಂದರು. ಹೊರಗೆ ಚಿತೆಗೆಂದು ಮಾವಿನ ಮರ ಕಡಿಯುವ ಸದ್ದು ಕೇಳುತ್ತಿತ್ತು. ರಸ್ತೆಯಲ್ಲಿ ಹೋಗುವ ಬಸ್ಸುಗಳು ಆ ಮನೆಯ ತಿರುವಿನಲ್ಲಿ ನಿಧಾನ ಮಾಡುತ್ತಿದ್ದವು. ಬೇರೆ ದಿನವಾದರೆ ಡ್ರೈವರುಗಳು ಅಲ್ಲಿ ದೇರಣ್ಣನಿಗೆಂದು ಒಂದು ಹಾರ್ನು ಬಾರಿಸಿ ಹೋಗುವುದು ವಾಡಿಕೆ. ಅಂದು ಯಾರೂ ಬಾರಿಸಲಿಲ್ಲ.

ದುಗ್ಗಮ್ಮ ಮೂಲೆಯನ್ನು ನೋಡಿದಳು. ಗುಳ್ಳೆಗಳು ಬಿಟ್ಟು ಬಿಟ್ಟು ಬರುತ್ತಿದ್ದವು. ಬೆಂಚಿನ ಕೆಳಗಿನ ಟ್ಯೂಬು ಸೊರಗಿ ನೆಲಕ್ಕೆ ಹತ್ತಿತ್ತು. ಹಿಂದಿನ ಸಂಜೆಯ ಮೇಲೆ ಅದಕ್ಕೆ ಗಾಳಿ ಹೊಡೆದವರಿಲ್ಲ. ಮೀನು ಕಲ್ಲಿನ ನಡುವಿನಿಂದ ಎದ್ದು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಹಿಂದಿನ ಇರುಳು ಮನೆಯಲ್ಲಿ ಇನ್ನೊಂದು ಬಾಯಿಯೂ ಹಾಗೆಯೇ ತೆರೆದು ಮುಚ್ಚಿದ್ದನ್ನು ನೋಡಿದವಳು ಅವಳೊಬ್ಬಳೇ. ನೋಡುತ್ತಾ ಕೂರಲು ಅವಳಿಂದ ಎರಡನೆಯ ಸಲ ಆಗಲಿಲ್ಲ. ಎದ್ದು ಹೋಗಿ, ಪಂಪಿನ ಕಾಲನ್ನು ಪಾದದಿಂದ ಒತ್ತಿ ಹಿಡಿದು, ಗಾಳಿ ಹೊಡೆಯತೊಡಗಿದಳು.

ಸಾವಿನ ಮನೆಯಲ್ಲಿ ಆ ಸದ್ದು ಎಲ್ಲರಿಗೂ ಕೇಳಿತು. ಅಂಗಳದಲ್ಲಿದ್ದವರು ಬಾಗಿಲಿಗೆ ಬಂದರು. ಕಮಲಾವತಿ ಓಡಿ ಬಂದು ಅವಳ ಭುಜ ಹಿಡಿದಳು. ಕುಟುಂಬದ ಹಿರಿಯರಾದ ಮಾಯಿಲಪ್ಪಜ್ಜ, ಸುಳ್ಯದಿಂದ ಬೆಳಗಿನ ಜೀಪಿನಲ್ಲಿ ಬಂದವರು, ಕೋಲೂರಿಕೊಂಡು ಒಳಗೆ ಬಂದು, ಇದೆಂತದ್ದು ಎಂದು ಕೇಳಿದರು.

"ಗಾಳಿ ಮುಗಿದಿತ್ತು," ಎಂದಳು ದುಗ್ಗಮ್ಮ.

ದಮ್ಮು ಕಟ್ಟಿ ಸತ್ತವನ ಮನೆಯಲ್ಲಿ ಆ ಮಾತು ಕೇಳಿ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗನ್ನು ಬಾಯಿಗೊತ್ತಿಕೊಂಡರು. ಮಾಯಿಲಪ್ಪಜ್ಜ ಪೆಟ್ಟಿಗೆಯನ್ನು ನೋಡಿದರು, ಪಕ್ಕದ ಖಾಲಿ ಬಾಲ್ದಿಯನ್ನು ನೋಡಿದರು, ವಿಷಯ ಅವರಿಗೆ ಅರ್ಥವಾಯಿತು. ಗಟ್ಟಿ ಮನುಷ್ಯ, ಆದರೆ ಕೆಟ್ಟ ಮನುಷ್ಯ ಅಲ್ಲ.

"ಕಟ್ಟು ಬಿಡ್ಲಿಕ್ಕೆ ಆಗುದಿಲ್ಲ ಮಗಾ," ಎಂದರು. "ಅವನ ದಾರಿಗೆ ತೊಂದರೆ ಅಲ್ವಾ?"

ಆಗ ದುಗ್ಗಮ್ಮ ಹಿರಿಯರ ಎದುರು ಮೊದಲ ಸಲ ಎದುರುಮಾತು ಆಡಿದಳು.

"ಅಜ್ಜ, ಅಮಾಸೆಗೆ ನಾವು ಕಡಲಿಗೆ ಹೋಗಿ ಮೀಯುದು ಎಂತಕ್ಕೆ? ಮೈಲಿಗೆ ಹೋಗ್ಲಿಕ್ಕೆ ಅಲ್ವಾ? ಆ ಕಡಲ ನೀರಿಗೇ ಮೈಲಿಗೆ ಹೇಗೆ ಬರುದು?"

ಮಾಯಿಲಪ್ಪಜ್ಜ ಯೋಚಿಸಿದರು. ಅವಳ ಮಾತನ್ನು ತಳ್ಳಿಹಾಕಲು ಅವರಿಗೂ ಮನಸ್ಸಿರಲಿಲ್ಲ.

"ಕಡಲು ಕಡಲಲ್ಲಿ ಇದ್ದರೆ ಕಡಲು," ಎಂದರು. "ಮನೆಯೊಳಗೆ ತುಂಬಿಸಿಟ್ಟರೆ ಅದು ಬರೀ ನೀರು. ಹೆಣ ಎತ್ತುವ ಮೊದಲು ಅದು ಹೋಗಬೇಕು."

*

ಎದೆಯ ದಮ್ಮು ಹೆಚ್ಚಿ ದೇರಣ್ಣ ಬಸ್ಸು ಬಿಟ್ಟದ್ದು ಹಿಂದಿನ ವರ್ಷ. ಅಷ್ಟು ವರ್ಷ ಮನೆಗೆ ಮಲಗಲು ಮಾತ್ರ ಬರುತ್ತಿದ್ದ ಗಂಡ ಒಮ್ಮೆಲೇ ದಿನವಿಡೀ ಮನೆಯಲ್ಲಿ ಇದ್ದುಬಿಟ್ಟ. ಮಕ್ಕಳಿಲ್ಲದ ಮನೆ. ಏನು ಮಾತಾಡುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವನ ಪಾಲಿನ ಪಂಪೂ ಅವಳಿಗೇ ಬಂತು. ಕಡ್ಡಿ ಹಿಡಿದರೆ ಅವನ ಕೈ ನಡುಗುತ್ತಿದ್ದ ಕಾರಣ ಸುಣ್ಣದ ಕೆಲಸವೂ ಅವಳಿಗೆ ಬಂತು.

ಸಂಜೆ ದೀಪ ಹಚ್ಚುವ ಮೊದಲು ಇಬ್ಬರೂ ಪೆಟ್ಟಿಗೆಯ ಎದುರು ಕೂರುತ್ತಿದ್ದರು. ಅವನು ಎಲೆಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕಡ್ಡಿಗೆ ಸುಣ್ಣ ಹಚ್ಚಿ ಕೊಡುವನು. ಅಲ್ಲಿ ಹಿಂದುಗಡೆ ಒಂದು ಅಡಗಿದೆ, ಇಲ್ಲಿ ಗಾಜಿನ ಮೂಲೆಯಲ್ಲಿ ಮರಿಯೊಂದು ಹುಟ್ಟಿದೆ ಎಂದು ಬೆರಳು ತೋರಿಸುವನು. ಅವಳು ಉಸಿರು ಬಿಗಿಹಿಡಿದು ಕಾದು, ಬಾಯಿ ಅರಳಿದಾಗ ತಾಗಿಸುವಳು. ಕೆಲಸ ಮುಗಿದ ಮೇಲೆ ಬೆರಳಿಗಂಟಿದ ಸುಣ್ಣವನ್ನು ಅವನು ಪಕ್ಕದ ಮರದ ಕಂಬಕ್ಕೆ ಒರೆಸುತ್ತಿದ್ದ. ಎಲೆ ತಿನ್ನುವ ಗಂಡಸರ ಹಳೆಯ ಚಾಳಿ. ಕಂಬ ಹಾಳಾಯಿತು ಎಂದು ಅವಳು ದಿನಾ ಬೈಯುವಳು, ಅವನು ದಿನಾ ಒರೆಸುವನು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಹೆಚ್ಚು ಮಾತಾಡಿದ್ದು ಆ ಒಂದು ವರ್ಷ, ಅದೂ ಹೆಚ್ಚಿನಂಶ ಕಳೆಯ ವಿಷಯ.

ಒಂದು ಸಂಜೆ ಅವಳು ಕಡ್ಡಿ ಕೆಳಗಿಟ್ಟು ಕೇಳಿದಳು. "ಇದನ್ನೆಲ್ಲ ಎಂತಕ್ಕೆ ಶುರು ಮಾಡಿದ್ದು ಅಂತ ಒಂದು ದಿನವೂ ಹೇಳಿದ್ದಿಲ್ಲ ನೀವು."

"ನೀನೇ ಹೇಳಿದ್ದಲ್ವಾ," ಎಂದ ದೇರಣ್ಣ.

"ನಾನಾ?"

"ಸೋಮೇಶ್ವರದಲ್ಲಿ. ಮದುವೆಯಾದ ವರ್ಷ."

ಅವಳಿಗೆ ನೆನಪಾಗಲು ಹೊತ್ತು ಹಿಡಿಯಿತು. ಅಮಾವಾಸ್ಯೆಯ ಸ್ನಾನಕ್ಕೆಂದು ಹೋಗಿದ್ದರು, ಉಳ್ಳಾಲದ ಕಡವಿನ ದೋಣಿಯಲ್ಲಿ ಹೊಳೆ ದಾಟಿ. ಬಂಡೆಗಳ ನಡುವೆ ನಿಂತ ನೀರಿನಲ್ಲಿ ಒಂದು ದಪ್ಪನೆಯ ಹೂವಿನಂಥದ್ದು ಇತ್ತು. ಮುಟ್ಟಿದರೆ ಅದು ಅವಳ ಬೆರಳನ್ನು ಮೆಲ್ಲಗೆ ಹಿಡಿದುಕೊಂಡಿತು. ಅವಳು ಕಿರುಚಿ, ನಕ್ಕು, ಇದನ್ನು ಮನೆಗೆ ಕೊಂಡುಹೋಗುವ ಎಂದಿದ್ದಳು. ಎಳೆ ಹುಡುಗಿಯ ಬಾಯಿಂದ ಬಂದ ಮಾತು, ಬಟ್ಟೆ ಒಣಗುವ ಮೊದಲೇ ಅವಳಿಗೆ ಮರೆತುಹೋಗಿತ್ತು. ಅವನು ಅದನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದ. ಪೆಟ್ಟಿಗೆ ಮಾಡಲು ಅನುಕೂಲವಾದಾಗ ಪೆಟ್ಟಿಗೆ ಮಾಡಿದ, ನೀರು ತಂದ, ಆ ಹೂವು ಎಂದಾದರೂ ಬಂದೀತೆಂದು ಕಲ್ಲುಗಳನ್ನು ತಂದ. ಬಂದದ್ದು ಕಳೆ.

ಅವಳಿಗೆ ನಾಚಿಕೆಯಾಯಿತು. ಸಂತೋಷವಾಯಿತು. ನಗಿಸಲಿಕ್ಕೆಂದು ನೆಂಟರ ಎದುರು ಆಡಿದ ಮಾತುಗಳೆಲ್ಲ ನೆನಪಾದವು. ಕಡ್ಡಿ ಎತ್ತಿಕೊಂಡು, ಹಿಂದುಗಡೆಯದ್ದು ಅರಳಿತಾ ನೋಡಿ ಎಂದಳು.

ಅದರ ಮೇಲೆ ಅವಳು ಪೆಟ್ಟಿಗೆಯನ್ನು ಸವತಿ ಎನ್ನಲಿಲ್ಲ. ಆದರೆ ಆಡಿದ ಮಾತು ನೆಂಟರ ಮನೆ ಮನೆಗೆ ತಾನಾಗಿ ಹೋಗುತ್ತದೆ, ಆಡುವುದನ್ನು ಬಿಟ್ಟ ಸುದ್ದಿಯನ್ನು ಯಾರೂ ಕೊಂಡುಹೋಗುವುದಿಲ್ಲ.

*

ಚಟ್ಟ ಕಟ್ಟಿ ಆಗಿತ್ತು. ಬೋಜಪ್ಪ ಅಣ್ಣನ ಬಾಯಿಗೆ ತುಳಸಿಯ ನೀರು ಬಿಟ್ಟ, ದುಗ್ಗಮ್ಮನೂ ಬಿಟ್ಟಳು. ಕಮಲಾವತಿ ಬಾಲ್ದಿಯ ಹತ್ತಿರ ಹೋಗಿ ನಿಂತು, ದುಗ್ಗಮ್ಮನ ಮುಖ ನೋಡಲು ಧೈರ್ಯವಾಗದೆ ಗಂಡನ ಮುಖ ನೋಡಿದಳು. ಅಷ್ಟರಲ್ಲಿ ರಸ್ತೆಯಲ್ಲಿ ಮಂಗಳೂರಿನ ಬಸ್ಸು ಬಂದು ನಿಂತಿತು.

ಸಾಹುಲ್ ಹಮೀದ್ ಎಂದಿನ ಹಾಗೆ ಹೆಗಲಲ್ಲಿ ಡಬ್ಬಿ ಹೊತ್ತು ಇಳಿದ. ದೇರಣ್ಣ ಬಸ್ಸು ಬಿಟ್ಟ ಮೇಲೂ ವಾರಕ್ಕೊಮ್ಮೆ ಉಳ್ಳಾಲದ ನೀರನ್ನು ಅವನು ತಪ್ಪಿಸಿರಲಿಲ್ಲ. ಬೆಳಿಗ್ಗೆ ಮಂಗಳೂರು ಬಿಟ್ಟವನಿಗೆ ಸುದ್ದಿ ಗೊತ್ತಾಗುವ ದಾರಿ ಇರಲಿಲ್ಲ. ಅಂಗಳದ ಬಾಯಿಗೆ ಬಂದು ಜನರನ್ನು ಕಂಡ, ಮಾವಿನ ಕಟ್ಟಿಗೆಯನ್ನು ಕಂಡ. ಹೆಗಲಿನ ಡಬ್ಬಿಯನ್ನು ಇಳಿಸಬೇಕೆಂದು ಅವನಿಗೆ ತೋಚಲಿಲ್ಲ. ಭಾರ ಹೊತ್ತುಕೊಂಡೇ ನಿಂತ ಅವನ ಕಣ್ಣಿನಿಂದ ನೀರು ಇಳಿಯಿತು. ಬೋಜಪ್ಪನೇ ಹೋಗಿ ಡಬ್ಬಿಯನ್ನು ಇಳಿಸಿ ಜಗಲಿಯ ಮೇಲಿಟ್ಟ.

ದುಗ್ಗಮ್ಮ ಚಾವಡಿಯಿಂದ ಎದ್ದು ಬಾಗಿಲಿಗೆ ಬಂದಳು. ಅವಳ ಕಣ್ಣು ಡಬ್ಬಿಯ ಮೇಲಿತ್ತು.

"ಸಾಹುಲಣ್ಣ, ಈ ನೀರು ತುಂಬಿಸಿದ್ದು ಯಾವಾಗ?" ಎಂದು ಕೇಳಿದಳು. ಕೇಳಿದ್ದು ಸಾಹುಲನನ್ನು, ಆದರೆ ಮಾಯಿಲಪ್ಪಜ್ಜನಿಗೆ ಕೇಳುವಷ್ಟು ಗಟ್ಟಿಯಾಗಿ.

"ಇವತ್ತು ಬೆಳಿಗ್ಗೆ ಅಕ್ಕ. ಬಿಸಿಲು ಬಂದ ಮೇಲೆ." ಅವನ ಸ್ವರ ಒಡೆದಿತ್ತು. "ದೇರಣ್ಣನಿಗೆ ಅಂತ."

ದುಗ್ಗಮ್ಮ ಅಜ್ಜನ ಕಡೆ ತಿರುಗಿದಳು. ದೇರಣ್ಣ ಹೋದದ್ದು ಬೆಳಕು ಹರಿಯುವ ಮೊದಲು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಾಯಿಲಪ್ಪಜ್ಜ ಕೋಲಿನ ಮೇಲೆ ಎರಡೂ ಕೈ ಇಟ್ಟು ಡಬ್ಬಿಯ ಕಡೆ ಬಗ್ಗಿ ನೋಡಿದರು.

"ಇದು ಸಾವಿನ ಹೊತ್ತಿಗೆ ಈ ಮನೆಯಲ್ಲಿ ಇದ್ದ ನೀರಲ್ಲ," ಎಂದರು ಮೆಲ್ಲಗೆ. "ಆಮೇಲೆ ಬಂದದ್ದು. ಮೀನಿಗೆ ಸೂತಕ ಇಲ್ಲ. ಅದನ್ನು ಇದಕ್ಕೆ ಬಿಡು ಮಗಾ. ಪೆಟ್ಟಿಗೆ ಖಾಲಿಯಾಗಲಿ."

ಗೆರಟೆಯಲ್ಲಿ ಮೀನನ್ನು ಹಿಡಿದವಳು ದುಗ್ಗಮ್ಮನೇ. ಮೀನು ಎರಡು ಸಲ ತಪ್ಪಿಸಿಕೊಂಡಿತು, ಮೂರನೆಯ ಸಲ ಸುಸ್ತಾಗಿ ತಾನೇ ಬಂತು. ಡಬ್ಬಿಗೆ ಬಿಟ್ಟಾಗ ಒಮ್ಮೆ ಅಡ್ಡ ಮಲಗಿ ಅವಳನ್ನು ಹೆದರಿಸಿ, ಮತ್ತೆ ನೆಟ್ಟಗಾಗಿ ಸುತ್ತತೊಡಗಿತು. ಗಾಳಿಯ ನಳಿಗೆಯನ್ನು ತಂದು ಅದರೊಳಗೆ ಇಳಿಬಿಟ್ಟಳು. ಕಮಲಾವತಿ ಪೆಟ್ಟಿಗೆಯ ನೀರನ್ನು ಬಾಲ್ದಿ ಬಾಲ್ದಿಯಾಗಿ ಕೊಂಡುಹೋಗಿ ತೆಂಗಿನ ಬುಡಕ್ಕೆ ಹೊಯ್ದಳು. ತಳದಲ್ಲಿ ಕಲ್ಲುಗಳು ಮಾತ್ರ ಉಳಿದವು. ನೀರು ಇಳಿದಲ್ಲೆಲ್ಲ ಕಳೆಗಳು ಮುದುಡಿ ಕಂದು ಬೊಟ್ಟುಗಳಂತೆ ಅಂಟಿಕೊಂಡಿದ್ದವು.

ಬಾಗಿಲಲ್ಲಿ ನಿಂತಿದ್ದ ಸಾಹುಲ್ ಅದನ್ನು ನೋಡಿ ಹೇಳಿದ. "ಅಕ್ಕ, ಕಲ್ಲನ್ನೆಲ್ಲ ಬಿಸಿಲಿಗೆ ಹಾಕಿ. ಒಂದು ದಿನ ಒಣಗಿದರೆ ಒಂದೂ ಉಳಿಯುದಿಲ್ಲ. ಇದಕ್ಕೆ ದೇರಣ್ಣ ಎಷ್ಟು ಒದ್ದಾಡಿದ್ದು."

ಕೊನೆಗೂ ಬದು ಸಿಕ್ಕಿತ್ತು. ಹೆಂಗಸರು ಕಲ್ಲುಗಳನ್ನು ಅಂಗಳಕ್ಕೆ ಎತ್ತಿ ಹಾಕಿದರು. ಮೀನಿಗೆ ಅಡಗಲು ಒಂದಾದರೂ ಬೇಕು ಎಂದು ಹೇಳಿ ದುಗ್ಗಮ್ಮ ಅವುಗಳಲ್ಲಿ ಸಣ್ಣದೊಂದನ್ನು ಹೆಕ್ಕಿ, ಎರಡೂ ಕಡೆ ತಿರುಗಿಸಿ ನೋಡಿ, ಡಬ್ಬಿಯ ತಳಕ್ಕೆ ಇಳಿಸಿದಳು.

ಆಮೇಲೆ ದೇರಣ್ಣನನ್ನು ಎತ್ತಿದರು. ರಸ್ತೆಯಲ್ಲಿ ಬಸ್ಸು ಎಂಜಿನ್ ಆಫ್ ಮಾಡಿ ನಿಂತೇ ಇತ್ತು. ಪ್ರಯಾಣಿಕರು ಇಳಿದು ಬದಿಯಲ್ಲಿ ನಿಂತಿದ್ದರು, ಯಾರೂ ಅವಸರ ಮಾಡಲಿಲ್ಲ. ಆ ಲೈನಿನಲ್ಲಿ ದೇರಣ್ಣನಿಂದಾಗಿ ಬಸ್ಸು ತಡವಾದದ್ದು ಒಮ್ಮೆ ಹೂವು ಬಂದ ದಿನ, ಇನ್ನೊಮ್ಮೆ ಅಂದು. ಚಟ್ಟ ತೆಂಗಿನ ಮರಗಳನ್ನು ದಾಟಿ ಕಣ್ಣಿಗೆ ಮರೆಯಾದಾಗ ದುಗ್ಗಮ್ಮ ಜಗಲಿಯ ಮೇಲೆ ಕುಸಿದು ಕೂತು, ಬೆಳಗಿನಿಂದ ತಡೆದಿದ್ದನ್ನೆಲ್ಲ ಅತ್ತಳು. ಕಮಲಾವತಿ ಅವಳನ್ನು ಹಿಡಿದುಕೊಂಡು ತಾನೂ ಅತ್ತಳು.

*

ಗಂಡಸರು ಮಿಂದು ಬಂದಾಗ ಮುಸ್ಸಂಜೆ. ಅಂಗಳದ ಕಲ್ಲುಗಳು ಒಣಗಿ ಬೆಳ್ಳಗಾಗಿದ್ದವು. ಅವುಗಳ ಮೇಲೆ ಇರುವೆ ಸಾಲು ಹಿಡಿದಿತ್ತು. ಚಾವಡಿಯಲ್ಲಿ ಗಾಜಿನ ಪೆಟ್ಟಿಗೆ ಬರಿದಾಗಿ, ಎಲ್ಲೋ ಓಡಾಡಿ ಬಂದ ಹಳೆಯ ಬಸ್ಸಿನ ಕಿಟಕಿಯಂತೆ ಕಾಣುತ್ತಿತ್ತು. ಡಬ್ಬಿಯನ್ನು ಅದರ ಪಕ್ಕದಲ್ಲೇ ಇಟ್ಟಿದ್ದರು. ಟ್ಯೂಬಿಗೆ ಗಾಳಿ ತುಂಬಿತ್ತು. ಯಾರು ಹೊಡೆದರೆಂದು ದುಗ್ಗಮ್ಮ ಕೇಳಲಿಲ್ಲ. ಬೋಜಪ್ಪನ ಹೊಸ ಬಿಳಿ ಪಂಚೆಗೆ ಪಂಪಿನ ಕಪ್ಪು ಎಣ್ಣೆ ಹತ್ತಿತ್ತು.

ಸೂತಕ ಕಳೆಯುವವರೆಗೆ ಎಲೆ ಮುಟ್ಟುವ ಹಾಗಿಲ್ಲ. ಕಮಲಾವತಿ ದೇರಣ್ಣನ ಎಲೆಪೆಟ್ಟಿಗೆಯನ್ನು ಅಟ್ಟಕ್ಕೆ ಇಡಲೆಂದು ಎತ್ತಿಕೊಂಡಳು. ದುಗ್ಗಮ್ಮ ಕೈ ಚಾಚಿ, ಅದರೊಳಗಿನ ಸುಣ್ಣದ ಡಬ್ಬಿಯನ್ನು ಮಾತ್ರ ಕೇಳಿ ತೆಗೆದುಕೊಂಡಳು. ಗೋಡೆಯ ಸಂದಿನಲ್ಲಿ ಸಿಕ್ಕಿಸಿಟ್ಟ ತೆಂಗಿನ ಕಡ್ಡಿ ಅಲ್ಲೇ ಇತ್ತು. ತುದಿಗೆ ಸಾಸಿವೆಯಷ್ಟು ಸುಣ್ಣ ಹಚ್ಚಿ, ದೀಪ ಹಿಡಿದು ಮೀನಿನ ಡಬ್ಬಿಯೊಳಗೆ ಬಗ್ಗಿದಳು.

ಮೀನು ಕಲ್ಲಿನ ಬದಿಗೆ ಸರಿಯಿತು. ಕಲ್ಲಿನ ತೂತಿನಿಂದ ಒಂದು ಸಪೂರದ ದಂಟು ಮೆಲ್ಲಗೆ ಹೊರಗೆ ಬರುತ್ತಿತ್ತು. ಗುಳ್ಳೆಗಳ ಗಾಳಿಗೆ ಒಂದೊಂದೇ ಎಳೆ ಬಿಡಿಸಿಕೊಂಡಿತು. ನಡುವಿನ ಬಾಯಿ ಕಾಣಿಸಿತು.

ಕಮಲಾವತಿ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. "ಅಕ್ಕ, ಅದರಲ್ಲೊಂದು ಕಳೆ ಉಳಿದಿದೆ."

"ಉಂಟು," ಎಂದಳು ದುಗ್ಗಮ್ಮ.

"ಅದೊಂದನ್ನು ತೆಗೆದರೆ ಮುಗಿಯಿತಲ್ವಾ."

ದುಗ್ಗಮ್ಮ ಕಡ್ಡಿಯನ್ನು ನೀರಿನ ಮೇಲೆ ಹಿಡಿದೇ ಇದ್ದಳು. ಕಳೆ ಪೂರ್ತಿ ಅರಳಿ ಕಾಯುತ್ತಿತ್ತು. ಅವಳು ಕಡ್ಡಿಯನ್ನು ಹಿಂದೆ ತೆಗೆದಳು. ತುದಿಯ ಸುಣ್ಣವನ್ನು ಬೆರಳಿಗೆ ತೆಗೆದುಕೊಂಡು, ಪಕ್ಕದ ಕಂಬದ ಮೇಲೆ, ದೇರಣ್ಣನ ಒಣಗಿದ ಗೆರೆಗಳ ಕೆಳಗೆ, ಹಸಿ ಬಿಳಿಯ ಒಂದು ಗೆರೆ ಎಳೆದಳು.